ಕೂಲರ್ ಗಾಳಿ ಬೇಕು ಅಂದರೆ ಕೊಲೆ ನೋಡಲೇಬೇಕಾ? ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ಗೆ ಒಂದು ಬಹಿರಂಗ ಪತ್ರ

ಅಸೋಸಿಯೇಷನ್ ಅಧ್ಯಕ್ಷರಿಗೆ, ಸೆಕ್ರೆಟರಿ ಕಾಕಾ ಅವರಿಗೆ, ಕಮಿಟಿಯ ಎಲ್ಲರಿಗೂ, ಮತ್ತೆ ನಮ್ಮ ಅಪಾರ್ಟ್‌ಮೆಂಟಿನ ಎಲ್ಲ ಮನೆಯವರಿಗೂ ನಮಸ್ಕಾರ.

ಇದನ್ನು ವಾಟ್ಸ್‌ಆ್ಯಪ್ ಗ್ರೂಪಿನಲ್ಲೇ ಬರೆಯೋಣ ಅಂತಿದ್ದೆ. ಆದರೆ ಗ್ರೂಪಿನಲ್ಲಿ ಈಗ ಅಡ್ಮಿನ್‌ಗಳು ಮಾತ್ರ ಮೆಸೇಜ್ ಹಾಕಬಹುದು. ಕಮ್ಯುನಿಟಿ ಹಾಲ್‌ನ ಟಿವಿಯಲ್ಲಿ ಹುಡುಗರು ಗುಂಡು ಹಾರಿಸುವ ಗೇಮ್ ಆಡಬಹುದಾ ಬೇಡವಾ ಅನ್ನೋ ಜಗಳ ಅಲ್ಲಿ ಎಲ್ಲಿಗೆ ಹೋಗಿ ಮುಟ್ಟಿತು ಅಂತ ನಿಮಗೂ ಗೊತ್ತು. ಹೋಗಲಿ, ಮೀಟಿಂಗಿನಲ್ಲಿ ಮಾತಾಡೋಣ ಅಂದರೆ ನಾವು ಬಾಡಿಗೆಯವರು, ಮತ ಇಲ್ಲ. ಹಾಗಾಗಿ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಅಪಾರ್ಟ್‌ಮೆಂಟಿನ ಹೆಸರು ಹಾಕಲ್ಲ, ಯಾರ ಮನೆ ಅಂತಲೂ ಹೇಳಲ್ಲ. ರಿಂಗ್ ರೋಡಿನ ಆಚೆ ಈಚೆ, ಸೇಡಂ ರೋಡಿನ ಉದ್ದಕ್ಕೂ ಕಲಬುರಗಿಯಲ್ಲಿ ಈಗ ಇಂಥ ಕಟ್ಟಡಗಳು ಸಾಕಷ್ಟು ಎದ್ದಿವೆ. ಓದಿದ ಯಾರಿಗಾದರೂ ಇದು ನಮ್ಮ ಅಪಾರ್ಟ್‌ಮೆಂಟೇ ಅನ್ನಿಸಿದರೆ ಅದೂ ಒಳ್ಳೆಯದೇ.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ನಾನೂ ಬಿಜಿಎಂಐ ಅನ್ನೋ ಮೊಬೈಲ್ ಶೂಟಿಂಗ್ ಗೇಮ್ ಆಡ್ತೀನಿ. ರಾತ್ರಿ ಊಟ ಆದ ಮೇಲೆ ಮಂಚದ ಮೇಲೆ ಬಿದ್ದುಕೊಂಡು, ಇಯರ್‌ಫೋನ್ ಹಾಕಿಕೊಂಡು, ಬೀದರಿನಲ್ಲಿರುವ ಹಳೇ ದೋಸ್ತರ ಜೊತೆ ಒಂದೆರಡು ಮ್ಯಾಚ್. ಅಲ್ಲಿ ಗುಂಡು ಹಾರಿಸೋದಕ್ಕಿಂತ ಹರಟೆಯೇ ಜಾಸ್ತಿ. ಅದಕ್ಕೇ, ಗೇಮ್ ಆಡುವ ಹುಡುಗರೆಲ್ಲ ಕೆಟ್ಟುಹೋದರು ಅಂತ ಬೈಯುವ ಪತ್ರ ಇದು ಅಂದುಕೊಂಡು ಯಾರೂ ಖುಷಿಪಡಬೇಡಿ, ಸಿಟ್ಟೂ ಮಾಡಿಕೊಳ್ಳಬೇಡಿ.

ಭಾನುವಾರದ ಮೀಟಿಂಗಿಗೆ ಎರಡು ಮಾತು ಬಂದಿವೆ ಅಂತ ಕೇಳಿದೆ. ಒಂದು, ಟಿವಿ, ಗೇಮ್ ಬಾಕ್ಸ್ ಎರಡನ್ನೂ ಕಿತ್ತು ಹಾಕಬೇಕು ಅಂತ. ಇನ್ನೊಂದು, ಎಲ್ಲ ಇದ್ದ ಹಾಗೇ ಇರಲಿ, ಬೇಡ ಅನ್ನೋರು ಎದ್ದು ಹೋಗಲಿ ಅಂತ. ಈ ಎರಡನೇ ಮಾತೇ ನನ್ನನ್ನು ಬರೆಯೋದಕ್ಕೆ ಕೂರಿಸಿದ್ದು. ಎದ್ದು ಎಲ್ಲಿಗೆ ಹೋಗಬೇಕು ಸ್ವಾಮಿ?

ಕಮಿಟಿಯಲ್ಲಿ ಇರುವ ಬಹಳ ಜನರ ಮನೆಯಲ್ಲಿ ಎಸಿ ಇದೆ. ಅದೇನೂ ತಪ್ಪಲ್ಲ, ದುಡಿದು ಹಾಕಿಸಿಕೊಂಡಿದ್ದೀರಿ. ಆದರೆ ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ, ತಲೆ ಮೇಲೆ ನೇರ ಟೆರೇಸ್ ಇರುವ ನಮ್ಮಂಥವರ ಮನೆಯೊಳಗೆ ಒಂದು ಹತ್ತು ನಿಮಿಷ ಬಂದು ಕೂತು ನೋಡಿ. ಹೊರಗೆ 43, 44 ಡಿಗ್ರಿ. ಒಳಗೆ ಗೋಡೆ ಮುಟ್ಟಿದರೆ ಕೈ ಹಿಂದೆ ತೆಗೆಯಬೇಕು. ನಲ್ಲಿ ತಿರುಗಿಸಿದರೆ ಬಿಸಿ ನೀರು, ಫ್ಯಾನ್ ಹಾಕಿದರೆ ಬಿಸಿ ಗಾಳಿ, ಕರೆಂಟ್ ಹೋದರೆ ಆ ಬಿಸಿ ಗಾಳಿಯೂ ಇಲ್ಲ. ಆಗ ನಾವೆಲ್ಲ ಎಲ್ಲಿಗೆ ಬರ್ತೀವಿ ಅಂದರೆ ನೆಲಮಹಡಿಯ ಹಾಲ್‌ಗೆ. ಅಲ್ಲಿ ಜನರೇಟರ್ ಲೈನ್ ಇದೆ. ಕಿಟಕಿಗೆ ಆ ದೊಡ್ಡ ಕೂಲರ್ ಇದೆ. ನಮ್ಮ ಕಡೆ ಬಿಸಿಲು ಎಂಥದ್ದು ಅಂತ ಸರ್ಕಾರಕ್ಕೂ ಗೊತ್ತು, ಅದಕ್ಕೇ ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಆಫೀಸುಗಳನ್ನು ಬೆಳಗ್ಗೆ 8ಕ್ಕೆ ತೆಗೆದು ಮಧ್ಯಾಹ್ನ 1.30ಕ್ಕೆ ಮುಗಿಸುತ್ತಾರೆ. ಅಂದರೆ ಮಕ್ಕಳಿಗೆ ರಜೆ, ಆಫೀಸಿನವರೂ ಎರಡಕ್ಕೆಲ್ಲ ಮನೆಯಲ್ಲಿ, ಕರೆಂಟ್ ಇಲ್ಲ. ಎಲ್ಲರೂ ಒಂದೇ ಹಾಲ್‌ನಲ್ಲಿ. ತೊಟ್ಟಿಲ ಕೂಸಿನಿಂದ ಹಿಡಿದು ಎಂಬತ್ತು ದಾಟಿದ ಅಜ್ಜಿಯವರೆಗೆ.

ಆ ಅಜ್ಜಿ ಯಾರು ಅಂತ ಹಾಲ್‌ಗೆ ಬರುವವರಿಗೆ ಗೊತ್ತಾಗುತ್ತೆ. ದಿನಾ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಹೋಗಿ ಕೂಲರ್ ಮುಂದೆ ಹಾಕಿಕೊಳ್ತಾರೆ. ಹಾಕಿಕೊಳ್ಳೋದು ಗೋಡೆ ಕಡೆ ಮುಖ ಮಾಡಿ. ಮೊದಮೊದಲು ಗಾಳಿ ಮುಖಕ್ಕೆ ಬರಲಿ ಅಂತ ಹಾಗೆ ಕೂರ್ತಾರೆ ಅಂದುಕೊಂಡಿದ್ದೆ. ಕೇಳಿದರೆ, "ಟಿವಿ ಕಾಣಬಾರದಪ್ಪಾ, ಅದಕ್ಕ" ಅಂದರು. ಕಾಣಲ್ಲ ಸರಿ. ಆದರೆ ಹಿಂದಿನಿಂದ ಆ ಗುಂಡಿನ ಸದ್ದು, ಚೀರಾಟ, ಎದೆ ನಡುಗಿಸುವ ಮ್ಯೂಸಿಕ್ ಎಲ್ಲ ಕೇಳುತ್ತೆ. ಪ್ರತಿ ಸಲ ಬಾಂಬ್ ಸಿಡಿದಾಗ ಅವರ ಕೈಯಲ್ಲಿನ ಜಪಸರ ನಿಲ್ಲುತ್ತೆ, ಆಮೇಲೆ ಮತ್ತೆ ಶುರುವಾಗುತ್ತೆ. "ಎದ್ದು ಹೋಗಲಿ" ಅಂತ ಗ್ರೂಪಿನಲ್ಲಿ ಬರೆದವರು ಅವರ ಮುಂದೆ ನಿಂತು ಅದೇ ಮಾತು ಹೇಳ್ತಾರಾ?

ಈಗ ಗೇಮಿನ ವಿಷಯ. ಗ್ರೂಪಿನಲ್ಲಿ ಹಿರಿಯರು ಹಾಕಿದ ಫಾರ್ವರ್ಡ್‌ಗಳನ್ನೆಲ್ಲ ಓದಿದೆ. ಬೇಜಾರಾಗಬೇಡಿ, ಅರ್ಧಕ್ಕರ್ಧ ತಪ್ಪು. ಪಬ್‌ಜಿಯನ್ನು ಸರ್ಕಾರ ಹಿಂಸೆ ಇದೆ ಅಂತ ಬ್ಯಾನ್ ಮಾಡಿತು ಅಂತ ಒಬ್ಬರು ಬರೆದಿದ್ದರು. 2020ರ ಸೆಪ್ಟೆಂಬರ್‌ನಲ್ಲಿ ಅದನ್ನು ನಿಲ್ಲಿಸಿದ್ದು ಐಟಿ ಕಾಯ್ದೆಯ 69ಎ ಕಲಂ ಹಿಡಿದು. ಕಾರಣ ದೇಶದ ಭದ್ರತೆ, ನಮ್ಮವರ ಡೇಟಾ ಹೊರಗೆ ಹೋಗೋದು. ಮುಂದಿನ ವರ್ಷ ಅದೇ ಆಟ ಬಿಜಿಎಂಐ ಅಂತ ಹೆಸರು ಬದಲಿಸಿಕೊಂಡು ಬಂತು. 2022ರ ಜುಲೈನಲ್ಲಿ ಮತ್ತೆ ಹೋಯಿತು, 2023ರ ಮೇ ತಿಂಗಳಲ್ಲಿ ಮತ್ತೆ ಬಂತು. ಈಗ ಅದರಲ್ಲಿ ರಕ್ತದ ಬಣ್ಣ ಹಸಿರು, 18 ವರ್ಷದೊಳಗಿನವರಿಗೆ ದಿನಕ್ಕೆ ಮೂರು ಗಂಟೆ ಮಿತಿ. ಅಪ್ಪನ ಫೋನ್ ನಂಬರ್ ಕೊಟ್ಟು ಆ ಮಿತಿ ದಾಟುವ ಹುಡುಗರು ನಮ್ಮಲ್ಲೂ ಇದ್ದಾರೆ, ಅದು ಬೇರೆ ಮಾತು. ಇನ್ನೊಬ್ಬರು 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ತೋರಿಸಿ, ಇನ್ನು ಗೇಮ್ ಆಡೋದೇ ಅಪರಾಧ ಅಂದರು. ಆ ಕಾಯ್ದೆ ನಿಲ್ಲಿಸಿದ್ದು ದುಡ್ಡು ಕಟ್ಟಿ ಆಡುವ ಆಟಗಳನ್ನು. ಇ-ಸ್ಪೋರ್ಟ್ಸ್‌ಗೆ, ಅಂದರೆ ಪಂದ್ಯದ ಥರ ಆಡುವ ವಿಡಿಯೊ ಗೇಮಿಗೆ, ಅದೇ ಕಾಯ್ದೆ ಮಾನ್ಯತೆ ಕೊಟ್ಟಿದೆ. ನಮ್ಮ ಹಾಲ್‌ನಲ್ಲಿ ಹುಡುಗರು ಶೂಟಿಂಗ್ ಗೇಮ್ ಆಡೋದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಹಾಗಾದರೆ ಹಿಂಸೆಯ ಆಟ ಆಡಿದರೆ ಮಕ್ಕಳು ಹಿಂಸೆಗೆ ಇಳಿಯುತ್ತಾರಾ? ಇದರ ಬಗ್ಗೆ ಅಮೆರಿಕದಲ್ಲಿ ಎಷ್ಟೋ ವರ್ಷಗಳಿಂದ ಜಗಳ ನಡೀತಿದೆ. ಅಲ್ಲಿನ ಮನಶ್ಶಾಸ್ತ್ರಜ್ಞರ ಸಂಘ ಎಪಿಎ 2020ರಲ್ಲಿ ಹೇಳಿದ್ದು ಹೀಗೆ. ಇಂಥ ಆಟಗಳಿಂದಲೇ ಹೊಡೆತ, ಕೊಲೆಯಂಥ ಹಿಂಸೆ ಹುಟ್ಟುತ್ತೆ ಅನ್ನೋದಕ್ಕೆ ಸಾಕಷ್ಟು ಪುರಾವೆ ಇಲ್ಲ, ಆದರೆ ಕೂಗಾಡೋದು, ತಳ್ಳಾಡೋದು ಇಂಥದ್ದಕ್ಕೂ ಆಟಕ್ಕೂ ಸ್ವಲ್ಪ ಮಟ್ಟಿನ ನಂಟು ಕಾಣುತ್ತೆ ಅಂತ. ಕ್ಯಾಲಿಫೋರ್ನಿಯಾದಲ್ಲಿ ಹಿಂಸೆಯ ಗೇಮುಗಳನ್ನು ಮಕ್ಕಳಿಗೆ ಮಾರಬಾರದು ಅಂತ ಕಾನೂನು ಮಾಡಿದ್ದರು, ಅದನ್ನೂ ಅಲ್ಲಿನ ಸುಪ್ರೀಂ ಕೋರ್ಟ್ 2011ರಲ್ಲಿ ಹೊಡೆದು ಹಾಕಿತು. ವಿಶ್ವ ಆರೋಗ್ಯ ಸಂಸ್ಥೆ 'ಗೇಮಿಂಗ್ ಡಿಸಾರ್ಡರ್' ಅನ್ನೋದನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದೆ ನಿಜ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 'ಶಟ್' ಅಂತ ಅದಕ್ಕೇ ಒಂದು ಕ್ಲಿನಿಕ್ಕೂ ಇದೆ. ಆದರೆ ಅಲ್ಲಿ ನೋಡೋದು ಆಟದ ಮೇಲೆ ಹಿಡಿತ ತಪ್ಪಿ ಊಟ, ನಿದ್ದೆ, ಓದು ಎಲ್ಲ ಬಿಟ್ಟವರನ್ನು. ಬಂದೂಕಿನ ಆಟವೋ ಹಣ್ಣು ಕತ್ತರಿಸುವ ಆಟವೋ ಅನ್ನೋದು ಅಲ್ಲಿ ಮುಖ್ಯ ಅಲ್ಲ.

ಇಷ್ಟೆಲ್ಲ ಯಾಕೆ ಬರೆದೆ ಅಂದರೆ, "ನಾಳೆ ನಿಮ್ಮ ಮಗ ಚಾಕು ಹಿಡೀತಾನೆ ನೋಡಿ" ಅಂತ ಎರಡನೇ ಮಹಡಿಯ ಆ ತಾಯಿಗೆ ಗ್ರೂಪಿನಲ್ಲಿ ಬರೆದರಲ್ಲ, ಅದು ಬಹಳ ಕೆಟ್ಟ ಮಾತು. ಆ ಹುಡುಗ ಲಿಫ್ಟ್ ಕೆಟ್ಟಾಗ ನಿಮ್ಮ ಗ್ಯಾಸ್ ಸಿಲಿಂಡರ್ ಹೊತ್ತು ಮೇಲೆ ತಂದವನು. ಅವನ ಮೇಲೆ ಯಾವ ಅಪವಾದವನ್ನೂ ಹೊರಿಸಬೇಕಾಗಿಲ್ಲ. ಅವನಿಗೆ ಹೇಳಬೇಕಾದ್ದು ಇಷ್ಟೇ, "ತಮ್ಮಾ, ನೀನು ಆಡು, ಆದರೆ ಹಾಲ್ ಪೂರ್ತಿ ಕೇಳೋ ಹಾಗೆ ಆಡಬೇಡ."

ಒಂದು ಮುಖ್ಯ ವಿಷಯ, ಇದನ್ನು ಗ್ರೂಪಿನಲ್ಲಿ ಒಬ್ಬರೂ ಎತ್ತಲಿಲ್ಲ. ಹುಡುಗರು ಆಡೋದು ಬೆಳಗ್ಗೆ ಮತ್ತೆ ಸಂಜೆ. ಮಧ್ಯಾಹ್ನ ರಿಮೋಟ್ ಇರೋದು ದೊಡ್ಡವರ ಕೈಯಲ್ಲಿ. ಅವರು ಹಚ್ಚೋದು ನ್ಯೂಸ್. ನ್ಯೂಸ್ ಅಂದರೆ ಮಳೆ, ಬೆಳೆ, ತೊಗರಿ ರೇಟು ಅಲ್ಲ. ಎಲ್ಲೋ ಒಂದು ಊರಲ್ಲಿ ನಡುಬೀದಿಯಲ್ಲಿ ಮಚ್ಚು ಬೀಸಿದ ಸಿಸಿಟಿವಿ ವಿಡಿಯೊ. ಅದನ್ನು ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಕೆಂಪು ರೌಂಡ್ ಹಾಕಿ, ಮತ್ತೆ ತೋರಿಸಿ, ಹಿಂದೆ ಮ್ಯೂಸಿಕ್ ಹಾಕಿ, ಮತ್ತೊಮ್ಮೆ ತೋರಿಸಿ. ಬ್ಲರ್ ಮಾಡಿರ್ತಾರೆ ಅಂತೀರಿ, ಆದರೆ ಕೈ ಏಳೋದು ಬೀಳೋದು ಎಲ್ಲ ಕಾಣುತ್ತೆ. ಗೇಮಿನಲ್ಲಿ ಸತ್ತವನು ಯಾರೂ ಅಲ್ಲ. ಇಲ್ಲಿ ಬಿದ್ದವನಿಗೆ ಮನೆ ಇದೆ, ತಾಯಿ ಇದ್ದಾಳೆ. ನಿಜವಾದ ಸಾವು ಅಂತ ಆ ಹಾಲ್‌ನಲ್ಲಿ ತೋರಿಸ್ತಿರೋದು ಇದೊಂದೇ. ಇದರ ಮೇಲೆ ಮಾತ್ರ ಯಾರ ದೂರೂ ಇಲ್ಲ!

ಹೋದ ತಿಂಗಳು ನನ್ನ ಮಗಳು ಹಾಲ್‌ನಲ್ಲಿ ನನ್ನ ಪಕ್ಕ ಕೂತಿದ್ದಳು. ಐದು ವರ್ಷ. ಟಿವಿಯಲ್ಲಿ ಇಂಥದ್ದೇ ಒಂದು ವಿಡಿಯೊ ಓಡ್ತಿತ್ತು, ನಾನು ಅವಳ ಗಮನ ಬೇರೆ ಕಡೆ ತಿರುಗಿಸುವಷ್ಟರಲ್ಲಿ ಅವಳು ನೋಡಿಯಾಗಿತ್ತು. "ಪಪ್ಪಾ, ಆ ಅಂಕಲ್‌ನ ಯಾರು ಎಬ್ಬಿಸ್ತಾರೆ?" ಅಂತ ಕೇಳಿದಳು. ಮೊದಲು ನನಗೆ ಅರ್ಥ ಆಗಲಿಲ್ಲ. ಗೇಮಿನಲ್ಲಿ ಒಬ್ಬ ಗುಂಡು ತಿಂದು ಬಿದ್ದರೆ ಜೊತೆಯವನು ಬಂದು ಪಕ್ಕದಲ್ಲಿ ಕೂತು ಎಬ್ಬಿಸ್ತಾನಲ್ಲ, ಹಾಲ್‌ನಲ್ಲಿ ಅಣ್ಣಂದಿರು ಆಡೋದನ್ನು ನೋಡಿ ಅವಳು ಅದನ್ನು ಕಲಿತಿದ್ದಾಳೆ. ಇವನನ್ನೂ ಯಾರೋ ಬಂದು ಎಬ್ಬಿಸ್ತಾರೆ ಅಂತ ಕಾಯ್ತಿದ್ದಾಳೆ. ಪಕ್ಕದ ಆಂಟಿ ಪಾಪ, "ಡಾಕ್ಟರ್ ಎಬ್ಬಿಸ್ತಾರ ಪುಟ್ಟಿ" ಅಂದರು. ಆಮೇಲೆ ಆ ವಿಡಿಯೊ ಇನ್ನೂ ಎಷ್ಟೋ ಸಲ ಬಂತು. ಡಾಕ್ಟರ್ ಬರಲಿಲ್ಲ, ಇವಳು ಪ್ರತಿ ಸಲವೂ ಕೇಳಿದಳು. ನಾನು ಅವಳನ್ನು ಎತ್ತಿಕೊಂಡು ಮೇಲೆ ಹೋದೆ, ಆ ಕಾವಲಿಯಂಥ ಮನೆಗೆ.

ಮನೆಯ ಟಿವಿ ಆಗಿದ್ದರೆ ಚಾನೆಲ್ ಬದಲಿಸ್ತಿದ್ದೆ, ಅಷ್ಟೇ. ಹಾಲ್‌ನಲ್ಲಿ ರಿಮೋಟ್ ಹಿಡಿದ ಹಿರಿಯರನ್ನು, ಅದೂ ಓನರುಗಳನ್ನು, ಬಾಡಿಗೆಯವನು ಹೇಗೆ ಕೇಳೋದು? ಎಲ್ಲರದ್ದು ಅನ್ನೋ ಜಾಗದಲ್ಲಿ ಆಗೋದೇ ಇದು. ರಿಮೋಟ್ ಹಿಡಿದವರು ಆರಿಸ್ತಾರೆ, ಉಳಿದವರು ನೋಡ್ತಾರೆ.

ನ್ಯೂಸ್ ಬಗ್ಗೆ ಇದು ನನ್ನೊಬ್ಬನ ತಕರಾರು ಅಲ್ಲ. ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2023ರ ಜನವರಿ 9ರಂದು ಎಲ್ಲ ಟಿವಿ ಚಾನೆಲ್‌ಗಳಿಗೆ ಒಂದು ಸಲಹೆ ಕಳಿಸಿತ್ತು. ರಕ್ತ, ಶವ, ಹೆಂಗಸರು, ಮಕ್ಕಳು, ವಯಸ್ಸಾದವರ ಮೇಲಿನ ಹಲ್ಲೆ, ಇವನ್ನೆಲ್ಲ ಹತ್ತಿರದಿಂದ, ಬ್ಲರ್ ಮಾಡದೆ, ಪದೇ ಪದೇ ತೋರಿಸೋದು ಸರಿಯಲ್ಲ ಅಂತ. ಟಿವಿಯನ್ನು ಮನೆಮಂದಿಯೆಲ್ಲ ಕೂತು ನೋಡ್ತಾರೆ, ಅದರಲ್ಲಿ ಮಕ್ಕಳೂ ಮುದುಕರೂ ಇರ್ತಾರೆ ಅನ್ನೋ ಮಾತು ಅದರಲ್ಲೇ ಇತ್ತು. ಚಾನೆಲ್‌ನವರು ಎಷ್ಟು ಕೇಳಿದರೋ ಬಿಟ್ಟರೋ ದಿನಾ ನೋಡ್ತಾನೇ ಇದ್ದೀವಿ. ನಮ್ಮ ಹಾಲ್‌ನ ಮಟ್ಟಿಗಾದರೂ ನಾವು ಕೇಳಬಹುದಲ್ವಾ?

ಸಿನಿಮಾ ಮತ್ತೆ ವೆಬ್ ಸೀರೀಸ್ ವಿಷಯ ಸುಲಭ. 2023ರ ತಿದ್ದುಪಡಿ ಆದ ಮೇಲೆ ಸಿನಿಮಾ ಸರ್ಟಿಫಿಕೇಟಿನಲ್ಲಿ ಯುಎ (ದೊಡ್ಡವರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದು) ಅನ್ನೋದನ್ನು 7+, 13+, 16+ ಅಂತ ಮೂರು ಭಾಗ ಮಾಡಿದ್ದಾರೆ. ಒಟಿಟಿಯಲ್ಲೂ 2021ರ ನಿಯಮದ ಪ್ರಕಾರ ಇದೇ ಥರ ವಯಸ್ಸು ತೋರಿಸಬೇಕು, 13+ ಮತ್ತು ಅದರ ಮೇಲಿನದ್ದಕ್ಕೆ ಪೇರೆಂಟಲ್ ಲಾಕ್ ಕೊಡಬೇಕು. ಲಾಕ್ ಇದೆ, ಹಾಕಿಲ್ಲ ಅಷ್ಟೇ. ಹಾಲ್‌ನ ಟಿವಿಯಲ್ಲಿ ಓಡ್ತಿರೋದು ಒಬ್ಬರ ಮನೆಯ ಅಕೌಂಟ್. ಟಿವಿ ಹಚ್ಚಿದ ಕೂಡಲೇ ಅವರು ಅರ್ಧ ನೋಡಿ ಬಿಟ್ಟಿದ್ದೆಲ್ಲ ಸಾಲಾಗಿ ಕಾಣುತ್ತೆ. ಅವರ ಒಳ್ಳೆಯದಕ್ಕಾದರೂ ಹಾಲ್‌ಗೆ ಬೇರೆ ಪ್ರೊಫೈಲ್ ಮಾಡಿ ಪಿನ್ ಹಾಕಿ.

ಇನ್ನು ಬಾಡಿಗೆ, ಓನರ್ ಲೆಕ್ಕ. ಕರ್ನಾಟಕದ ಅಪಾರ್ಟ್‌ಮೆಂಟ್ ಒಡೆತನದ ಕಾಯ್ದೆ 1972ರದ್ದು. ಎಲ್ಲರಿಗೂ ಸೇರಿದ ಜಾಗವನ್ನು ಪಾಲು ಮಾಡುವ ಹಾಗಿಲ್ಲ, ಅದು ಯಾವುದಕ್ಕೆ ಇದೆಯೋ ಅದಕ್ಕೆ ಬಳಸಬೇಕು, ಬಳಸುವಾಗ ಉಳಿದ ಓನರುಗಳ ಹಕ್ಕಿಗೆ ಅಡ್ಡಿ ಆಗಬಾರದು ಅಂತ ಅದರಲ್ಲಿದೆ. ಅಲ್ಲಿ ಬರೆದಿರೋದು ಓನರುಗಳ ಬಗ್ಗೆ, ಬಾಡಿಗೆಯವರ ಬಗ್ಗೆ ಅಲ್ಲ, ಗೊತ್ತು. ಆದರೆ ಮಧ್ಯಾಹ್ನ ಹಾಲ್‌ನಲ್ಲಿ ಕೂರುವವರಲ್ಲಿ ಮುಕ್ಕಾಲು ಪಾಲು ನಾವೇ, ಮೇಂಟೆನೆನ್ಸ್ ಕಟ್ಟೋದೂ ನಾವೇ. ಹಾಲ್‌ನಲ್ಲಿ ಏನು ಓಡಬೇಕು ಅಂತ ತೀರ್ಮಾನ ಮಾಡೋದು ಮಾತ್ರ ಹಾಲ್‌ಗೆ ಬರದವರು. ವಾಚ್‌ಮನ್ ಮಕ್ಕಳನ್ನಂತೂ ಯಾರೂ ಲೆಕ್ಕಕ್ಕೇ ಹಿಡಿದಿಲ್ಲ. ಆ ಇಬ್ಬರು ಮಕ್ಕಳು ಬಾಗಿಲ ಚೌಕಟ್ಟಿಗೆ ಒರಗಿಕೊಂಡು ಎಲ್ಲಾ ನೋಡ್ತಾರೆ, ಗೇಮು, ಸಿನಿಮಾ, ನ್ಯೂಸು. ಅವರಿಗೆ ಒಳಗೆ ಬಂದು ಕೂರಿ ಅಂತ ಹೇಳಿದವರೂ ಇಲ್ಲ, ಇದು ನೋಡಬೇಡಿ ಅಂದವರೂ ಇಲ್ಲ.

ಏನು ಮಾಡಬಹುದು? ಟಿವಿ ಕೀಳೋದು ಬೇಡವೇ ಬೇಡ. ಐಪಿಎಲ್ ಸಮಯದಲ್ಲಿ ಆ ಹಾಲ್‌ನಲ್ಲಿ ಎಷ್ಟು ಖುಷಿ ಇರುತ್ತೆ, ಮಂಡಕ್ಕಿ, ಮಿರ್ಚಿ ಭಜಿ ಹಂಚಿಕೊಂಡು ತಿನ್ತೀವಿ, ಅದನ್ನು ಯಾಕೆ ಹಾಳು ಮಾಡಬೇಕು. ಹುಡುಗರ ಗೇಮ್ ಬಾಕ್ಸನ್ನು ಪಕ್ಕದ ಆಫೀಸ್ ರೂಮಿಗೆ ಹಾಕೋಣ. ಅಲ್ಲಿ ಈಗ ಇರೋದು ಗಣೇಶ ಹಬ್ಬದ ಹಳೇ ಬ್ಯಾನರ್, ಎರಡು ಮುರಿದ ಕುರ್ಚಿ. ಒಂದು ಹಳೇ ಟಿವಿ ಯಾರ ಮನೆಯಲ್ಲಾದರೂ ಸಿಕ್ಕೇ ಸಿಗುತ್ತೆ. ಜಾಗ ಬದಲಿಸೋತನಕ ಇಯರ್‌ಫೋನ್ ಹಾಕಿ ಆಡಲಿ. ನಮ್ಮ ಹಾಲ್‌ನಲ್ಲಿರುವ ಗೇಮ್ ಬಾಕ್ಸ್ ಪ್ಲೇಸ್ಟೇಷನ್, ಅದನ್ನು ಆಡುವಾಗ ಕೈಯಲ್ಲಿ ಹಿಡಿಯುವ ಕಂಟ್ರೋಲರ್‌ನ ಕೆಳಗಡೆಯೇ ಇಯರ್‌ಫೋನ್ ಪಿನ್ ಹಾಕುವ ತೂತು ಇದೆ, ಯಾರೂ ನೋಡಿದ ಹಾಗಿಲ್ಲ. ಸಾಮಾನ್ಯ ಇಯರ್‌ಫೋನ್ ಸಾಕು. ಸೆಟ್ಟಿಂಗ್ಸ್‌ನಲ್ಲಿ ಎಲ್ಲ ಸೌಂಡೂ ಹೆಡ್‌ಫೋನ್‌ಗೆ ಅಂತ ಮಾಡಿದರೆ ಟಿವಿ ಗಪ್ಪಾಗುತ್ತೆ. ಗೇಮ್ ಡಿಸ್ಕಿನ ಡಬ್ಬಿ ಮೇಲೆ ವಯಸ್ಸಿನ ನಂಬರ್ ಹಾಕಿರ್ತಾರೆ, ಅದು ಯುರೋಪಿನವರ 'ಪೆಗಿ' ಗುರುತು, 18 ಅಂತ ಕೆಂಪು ಚೌಕದಲ್ಲಿ ಇದ್ದರೆ ದೊಡ್ಡವರಿಗೆ ಮಾತ್ರ. ಗೇಮ್ ಬಾಕ್ಸಿನಲ್ಲೇ ವಯಸ್ಸಿನ ಲಾಕ್ ಹಾಕಬಹುದು. ನಮ್ಮ ಸರ್ಕಾರ ಗೇಮುಗಳಿಗೆ ಸಿನಿಮಾ ಥರ ಸರ್ಟಿಫಿಕೇಟ್ ಕೊಡಲ್ಲ, ಹಾಗಾಗಿ ಆ ಡಬ್ಬಿ ಮೇಲಿನ ನಂಬರನ್ನೇ ನಾವು ನೋಡಬೇಕು. ಕೆಂಪು ಚೌಕದ್ದು ಮಕ್ಕಳಿದ್ದಾಗ ಬೇಡ. ಹಾಗಂದ ಮಾತ್ರಕ್ಕೆ ಯಾರ ಆಟವನ್ನೂ ಕಿತ್ತುಕೊಂಡ ಹಾಗಾಗಲ್ಲ. ಹಾಲ್‌ನಲ್ಲಿ ಸಿಗರೇಟ್ ಸೇದಬೇಡಿ ಅಂದಾಗ ಸೇದುವವರು ಗೇಟಿನ ಹೊರಗೆ ಹೋದರು, ಅವರೇನು ಬಿಟ್ಟರಾ?

ನ್ಯೂಸ್ ಚಾನೆಲ್‌ಗಳಿಗೆ ಬೆಳಗ್ಗೆಯಿಂದ ರಾತ್ರಿ 9ರವರೆಗೆ ಸೆಟ್‌ಟಾಪ್ ಬಾಕ್ಸಿನಲ್ಲೇ ಚಾನೆಲ್ ಲಾಕ್ ಹಾಕೋಣ. ಹಿರಿಯರಿಗೆ ಸಿಟ್ಟು ಬರುತ್ತೆ, ಬರಲಿ, ಫೋನಿನಲ್ಲಿ ನೋಡಿಕೊಳ್ಳಲಿ. ಚುನಾವಣೆ ರಿಸಲ್ಟ್ ಇದ್ದ ದಿನ ತೆಗೆದರಾಯಿತು. ರಾತ್ರಿ 10ರ ಮೇಲೆ ಟಿವಿ, ಗೇಮ್ ಯಾವುದರದ್ದೂ ಸದ್ದು ಹಾಲ್‌ನಿಂದ ಹೊರಗೆ ಬರಬಾರದು. ಶಬ್ದ ಮಾಲಿನ್ಯದ ನಿಯಮದಲ್ಲಿ ಹೇಗೂ 10ರಿಂದ ಬೆಳಗ್ಗೆ 6ರವರೆಗೆ ರಾತ್ರಿ ಅಂತಲೇ ಲೆಕ್ಕ.

ಇದೆಲ್ಲ ಆಗದ ಮಾತು, ನಮ್ಮ ಜನ ಕೇಳಲ್ಲ ಅಂತ ಯಾರೋ ಹೇಳೇ ಹೇಳ್ತಾರೆ. ಹೋದ ವರ್ಷ ಮೂರನೇ ಮಹಡಿಯ ಮಾಮಾ ತೀರಿಕೊಂಡಾಗ ಮಣ್ಣಿಗೆ ಬಂದ ನೆಂಟರೆಲ್ಲ ಹಾಲ್‌ನಲ್ಲೇ ಇಳಿದುಕೊಂಡಿದ್ದರು. ಅವರು ಇದ್ದಷ್ಟು ದಿನವೂ ಟಿವಿ ಬಂದ್. ಯಾರೂ ಸರ್ಕ್ಯುಲರ್ ಕಳಿಸಿರಲಿಲ್ಲ, ಹುಡುಗರೇ ಗೇಮಿನ ವೈರ್ ಸುತ್ತಿಟ್ಟಿದ್ದರು. ಯಾರು ಕೂತಿದ್ದಾರೆ ಅಂತ ನೋಡಿ ಟಿವಿ ಬಂದ್ ಮಾಡೋದು ನಮಗೆ ಚೆನ್ನಾಗೇ ಬರುತ್ತೆ.

ಒಂದೇ ಒಂದು ಕೋರಿಕೆ ಇದೆ, ಇದನ್ನು ಮಾತ್ರ ಬಿಡಬೇಡಿ. ಇದನ್ನು ತೀರ್ಮಾನ ಮಾಡುವಾಗ ಕಮಿಟಿಯ ಏಳು ಗಂಡಸರು ಮಾತ್ರ ಕೂರಬೇಡಿ. ಮಧ್ಯಾಹ್ನ ಹಾಲ್‌ನಲ್ಲಿ ಇರುವ ಇಬ್ಬರು ಹೆಣ್ಣುಮಕ್ಕಳನ್ನು ಕರೆಯಿರಿ, ಗೇಮ್ ಆಡುವ ಹುಡುಗರಲ್ಲಿ ಒಬ್ಬನನ್ನು ಕರೆಯಿರಿ. ಆ ಅಜ್ಜಿಯನ್ನು ಕರೆಯೋದು ಕಷ್ಟ ಆದರೆ ಮೀಟಿಂಗನ್ನೇ ಮಧ್ಯಾಹ್ನ ಹಾಲ್‌ನಲ್ಲಿ ಇಟ್ಟುಕೊಳ್ಳಿ, ಅವರು ಹೇಗೂ ಅಲ್ಲೇ ಇರ್ತಾರೆ.

ಭಾನುವಾರ ನಾನೂ ಬರ್ತೀನಿ. ಮತ ಇಲ್ಲದವರು ಹಿಂದೆ ಕೂರಬಾರದು ಅಂತ ಎಲ್ಲೂ ಬರೆದಿಲ್ಲ ಅಂದುಕೊಂಡಿದ್ದೇನೆ. ಇಯರ್‌ಫೋನ್ ತರ್ತೀನಿ, ಕಂಟ್ರೋಲರ್‌ಗೆ ಹಾಕಿ ಎಲ್ಲರಿಗೂ ತೋರಿಸ್ತೀನಿ. ಸೆಟ್‌ಟಾಪ್ ಬಾಕ್ಸಿನ ಪಿನ್ ಯಾರ ಹತ್ತಿರ ಇದೆ ಅಂತ ಸೆಕ್ರೆಟರಿ ಕಾಕಾ ಅಷ್ಟರಲ್ಲಿ ಹುಡುಕಿಟ್ಟರೆ ಚಾನೆಲ್ ಲಾಕ್ ಅವತ್ತೇ ಹಾಕಿಬಿಡಬಹುದು.

ಇಂತಿ,
ಟೆರೇಸ್ ಕೆಳಗಿನ ಮನೆಯ ಬಾಡಿಗೆದಾರ, ಕಲಬುರಗಿ